ಲಿಸ್ಟ್‌ನಲ್ಲಿದ್ದ ಹೆಸರು ಎಲ್ಲಿ ಹೋಯ್ತು?

ಕ್ಲಾಸ್ ಗ್ರೂಪ್‌ನಲ್ಲಿ ಟ್ರಿಪ್‌ಗೆ ಯಾರ್ಯಾರು ಬರ್ತೀರಿ ಅಂತ ಒಂದು ಲಿಸ್ಟ್ ಶುರುವಾಗುತ್ತದೆ. ಮೊದಲನೆಯವರು ತಮ್ಮ ಹೆಸರು ಬರೆದು ಹಾಕುತ್ತಾರೆ. ಎರಡನೆಯವರು ಆ ಮೆಸೇಜನ್ನು ಕಾಪಿ ಮಾಡಿ, ಕೆಳಗೆ ತಮ್ಮ ಹೆಸರು ಸೇರಿಸಿ, ಮತ್ತೆ ಗ್ರೂಪ್‌ಗೆ ಹಾಕುತ್ತಾರೆ. ಹದಿಮೂರನೇ ಹೆಸರಿನವರೆಗೆ ಎಲ್ಲ ಸರಿಯಾಗಿ ನಡೆಯುತ್ತದೆ. ಆಮೇಲೆ ಇಬ್ಬರು ಒಂದೇ ನಿಮಿಷದಲ್ಲಿ ಆ ಹದಿಮೂರು ಹೆಸರಿನ ಲಿಸ್ಟನ್ನು ಕಾಪಿ ಮಾಡುತ್ತಾರೆ. ಈಗ ಗ್ರೂಪ್‌ನಲ್ಲಿ ಎರಡು ಲಿಸ್ಟ್. ಎರಡರಲ್ಲೂ 14ನೇ ಹೆಸರು ಬೇರೆ ಬೇರೆ. ಮುಂದೆ ಬರುವವರು ಎಲ್ಲಕ್ಕಿಂತ ಕೆಳಗಿರುವ ಲಿಸ್ಟನ್ನಷ್ಟೇ ನೋಡಿ ಕಾಪಿ ಮಾಡುತ್ತಾರೆ. ಮೇಲಿನ ಲಿಸ್ಟ್‌ನ ಹದಿನಾಲ್ಕನೆಯವರು ಮಾತ್ರ ಬಸ್ ಹೊರಡುವ ದಿನದವರೆಗೂ ತಮ್ಮ ಹೆಸರು ಇದೆ ಅಂತಲೇ ನಂಬಿಕೊಂಡಿರುತ್ತಾರೆ.

ಇದರಲ್ಲಿ ತಪ್ಪು ಯಾರದ್ದು? ಯಾರದ್ದೂ ಅಲ್ಲ. ಎಲ್ಲರೂ ತಮಗೆ ಕಂಡ ಲಿಸ್ಟ್‌ಗೆ ಸರಿಯಾಗಿಯೇ ಹೆಸರು ಸೇರಿಸಿದರು. ಆದರೂ ಒಂದು ಹೆಸರು ಸದ್ದಿಲ್ಲದೆ ಮಾಯವಾಯಿತು. ಕಂಪ್ಯೂಟರ್ ಸೈನ್ಸ್‌ನಲ್ಲಿ ಇದಕ್ಕೆ ‘ಲಾಸ್ಟ್ ಅಪ್‌ಡೇಟ್’ ಅಂತ ಹೆಸರು. ಡಿಬಿಎಂಎಸ್ ಪುಸ್ತಕದಲ್ಲಿ ಇದು ಎರಡು ಟ್ರಾನ್ಸಾಕ್ಷನ್‌ಗಳ ಸಮಸ್ಯೆಯಾಗಿ ಬರುತ್ತದೆ, ಲಾಕ್ ಹಾಕಿದರೆ ಮುಗಿಯಿತು ಅಂತ ಹೇಳಿ ಮುಂದಕ್ಕೆ ಹೋಗುತ್ತಾರೆ. ಆದರೆ ಫೋನ್‌ಗಳ ಲೋಕದಲ್ಲಿ ಲಾಕ್ ಹಾಕುವುದು ಅಷ್ಟು ಸುಲಭ ಅಲ್ಲ. ಹಲವರು ತಮ್ಮ ತಮ್ಮ ಮೊಬೈಲ್‌ನಿಂದ ಒಂದೇ ಕೆಲಸ ಮಾಡುವ ಸಾಫ್ಟ್‌ವೇರನ್ನು ಹೇಗೆ ಕಟ್ಟುತ್ತಾರೆ ಅನ್ನೋದನ್ನು ಈ ಲೇಖನದಲ್ಲಿ ನೋಡೋಣ. ಮಿನಿ ಪ್ರಾಜೆಕ್ಟ್‌ಗೆ ಆ್ಯಪ್ ಮಾಡಬೇಕು ಅಂತಿರುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರಬಹುದು.

ಮೊಬೈಲ್ ಯಾಕೆ ಬೇರೆ?

ಲ್ಯಾಬ್‌ನ ಕಂಪ್ಯೂಟರ್‌ಗೆ ಕೇಬಲ್ ಇದೆ, ಕರೆಂಟ್ ಇದೆ, ಅದು ಎಲ್ಲಿಗೂ ಓಡಾಡಲ್ಲ. ಫೋನ್ ಹಾಗಲ್ಲ. ಲಿಫ್ಟ್ ಒಳಗೆ ಹೋದರೆ ನೆಟ್‌ವರ್ಕ್ ಹೋಯ್ತು. ಶಿರಾಡಿ ಘಾಟ್ ಇಳಿಯುವಾಗ ಒಂದು ತಿರುವಿನಲ್ಲಿ ಎರಡು ಕಡ್ಡಿ ಸಿಗ್ನಲ್ ಇದ್ದರೆ ಮುಂದಿನ ತಿರುವಿನಲ್ಲಿ ಏನೂ ಇಲ್ಲ. ಬ್ಯಾಟರಿ ಮುಗಿಯುತ್ತದೆ. ನಾವು ಟೈಪ್ ಮಾಡುತ್ತಿರುವಾಗಲೇ ಕಾಲ್ ಬರುತ್ತದೆ, ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಮ್ ನಮ್ಮ ಆ್ಯಪನ್ನು ಕೊಂದು ಹಾಕುತ್ತದೆ. 2015ರ ಆಂಡ್ರಾಯ್ಡ್ 6ರಲ್ಲಿ ‘ಡೋಜ್’ ಅನ್ನೋ ವ್ಯವಸ್ಥೆ ಬಂತು. ಚಾರ್ಜರ್ ಇಲ್ಲದೆ, ಸ್ಕ್ರೀನ್ ಆಫ್ ಆಗಿ ಫೋನ್ ಸುಮ್ಮನೆ ಮೇಜಿನ ಮೇಲೆ ಬಿದ್ದಿದ್ದರೆ ಆ್ಯಪ್‌ಗಳ ಹಿನ್ನೆಲೆ ಕೆಲಸವನ್ನೂ ನೆಟ್‌ವರ್ಕನ್ನೂ ಅದು ಮುಂದೂಡುತ್ತದೆ. ಅಂದ್ರೆ ಸಿಗ್ನಲ್ ಚೆನ್ನಾಗಿದ್ದಾಗಲೂ ನಿಮ್ಮ ಆ್ಯಪ್ ಆಫ್‌ಲೈನ್ ಆಗಿರಬಹುದು.

ಹಾಗಾಗಿ ಮೊದಲ ಪಾಠ ಇಷ್ಟೇ: ನೆಟ್‌ವರ್ಕ್ ಇಲ್ಲದಿರುವುದು ಎಂದೋ ಒಮ್ಮೆ ಬರುವ ತೊಂದರೆ ಅಲ್ಲ, ಫೋನ್‌ನ ದಿನನಿತ್ಯದ ಸ್ಥಿತಿ. ‘ಇಂಟರ್ನೆಟ್ ಇಲ್ಲ, ಮತ್ತೆ ಪ್ರಯತ್ನಿಸಿ’ ಅಂತ ತೋರಿಸಿ ಕೈ ತೊಳೆದುಕೊಳ್ಳುವ ಆ್ಯಪ್ ಈ ಸ್ಥಿತಿಯನ್ನು ಒಪ್ಪಿಕೊಂಡೇ ಇಲ್ಲ.

ಈ ಯೋಚನೆ ಸ್ಮಾರ್ಟ್‌ಫೋನ್‌ಗಿಂತ ಹಳೆಯದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1987ರಲ್ಲಿ ಶುರುವಾದ ‘ಕೋಡಾ’ ಅನ್ನೋ ಫೈಲ್ ಸಿಸ್ಟಮ್ ಇದನ್ನೇ ಕೈಗೆತ್ತಿಕೊಂಡಿತ್ತು. ಅದರ ನೇತೃತ್ವ ವಹಿಸಿದ್ದವರು ಐಐಟಿ ಮದ್ರಾಸ್‌ನಲ್ಲಿ ಓದಿದ ಮಹಾದೇವ್ ಸತ್ಯನಾರಾಯಣನ್. ಕೋಡಾ ಮೂರು ಹಂತದಲ್ಲಿ ಕೆಲಸ ಮಾಡುತ್ತಿತ್ತು. ಸಂಪರ್ಕ ಇರುವಾಗ, ಮುಂದೆ ಬೇಕಾಗಬಹುದಾದ ಫೈಲ್‌ಗಳನ್ನು ಲ್ಯಾಪ್‌ಟಾಪ್‌ಗೆ ತಂದು ಕೂಡಿಟ್ಟುಕೊಳ್ಳುವುದು. ಮಳೆಗಾಲಕ್ಕೆ ಮುಂಚೆ ಮಲೆನಾಡಿನ ಮನೆಗಳಲ್ಲಿ ಸೌದೆ ಒಟ್ಟಿಕೊಳ್ಳುವ ಹಾಗೆ ಅಂತಿಟ್ಟುಕೊಳ್ಳಿ. ಸಂಪರ್ಕ ಹೋದಾಗ, ಕೂಡಿಟ್ಟದ್ದರಿಂದಲೇ ಕೆಲಸ ನಡೆಸಿ ಬದಲಾವಣೆಗಳನ್ನೆಲ್ಲ ಒಂದು ಲಾಗ್‌ನಲ್ಲಿ ಬರೆದಿಡುವುದು. ಸಂಪರ್ಕ ಮರಳಿದಾಗ, ಆ ಲಾಗನ್ನು ಸರ್ವರ್‌ನಲ್ಲಿ ಮತ್ತೆ ನಡೆಸುವುದು. ಇವತ್ತಿನ ಆಫ್‌ಲೈನ್ ಆ್ಯಪ್‌ಗಳ ಅಸ್ಥಿಪಂಜರ ಕೂಡ ಹೆಚ್ಚು ಕಮ್ಮಿ ಇದೇ. ಕಷ್ಟ ಇರುವುದು ಮೂರನೇ ಹಂತದಲ್ಲಿ: ಇಬ್ಬರ ಲಾಗ್ ಒಂದಕ್ಕೊಂದು ಹೊಂದದೇ ಹೋದರೆ?

ಕೊನೆಗೆ ಬರೆದವನೇ ಗೆದ್ದ

ಗಣಿತ ಪುಸ್ತಕದ ನಮ್ಮ ಹಳೇ ಪರಿಚಯದ ರಾಮ ಮತ್ತು ಗೀತಾರನ್ನು ಕರೆಯೋಣ. ಇಬ್ಬರೂ ರಾಜ್ಯೋತ್ಸವಕ್ಕೆ ಹಾಸ್ಟೆಲ್‌ನಲ್ಲಿ ಚಂದಾ ಎತ್ತುತ್ತಿದ್ದಾರೆ. ಆ್ಯಪ್‌ನಲ್ಲಿ ಒಟ್ಟು ಮೊತ್ತ ₹12,000 ಅಂತ ಇದೆ. ನೆಟ್‌ವರ್ಕ್ ಇಲ್ಲದ ಹೊತ್ತಲ್ಲಿ ರಾಮ ₹500 ಪಡೆದು ಮೊತ್ತವನ್ನು 12,500 ಮಾಡಿದ. ಗೀತಾ ₹300 ಪಡೆದು 12,300 ಮಾಡಿದಳು. ಈಗ ಎರಡೂ ಫೋನ್ ಸರ್ವರ್ ಜೊತೆ ಮಾತಾಡುತ್ತವೆ. ತುಂಬ ಆ್ಯಪ್‌ಗಳು ಅನುಸರಿಸುವ ಸುಲಭದ ನಿಯಮ ‘ಲಾಸ್ಟ್ ರೈಟ್ ವಿನ್ಸ್’, ಅಂದ್ರೆ ಕೊನೆಗೆ ಬರೆದವನೇ ಗೆದ್ದ. ಗೀತಾಳದ್ದು ಕೊನೆಗೆ ಬಂದರೆ ಮೊತ್ತ 12,300. ನಿಜವಾಗಿ ಕೈಯಲ್ಲಿರುವ ದುಡ್ಡು 12,800.

ಲೆಕ್ಕದಲ್ಲಿ ₹500 ಕಾಣೆ. ಇಲ್ಲಿ ಯೋಚಿಸಬೇಕಾದ್ದು ಬರೀ ಐನೂರು ರೂಪಾಯಿ ಬಗ್ಗೆ ಅಲ್ಲ. ₹500 ಕೊಟ್ಟವರು “ನಾನು ರಾಮನ ಕೈಗೆ ಕೊಟ್ಟೆ” ಅನ್ನುತ್ತಾರೆ. ಆ್ಯಪ್‌ನಲ್ಲಿ ಅದರ ಸುಳಿವೇ ಇಲ್ಲ. ರಾಮ “ನಾನು ಎಂಟ್ರಿ ಮಾಡಿದ್ದೆ” ಅಂದರೆ ಯಾರು ನಂಬುತ್ತಾರೆ? ಸಾಫ್ಟ್‌ವೇರ್ ಮಾಡಿದ ಒಂದು ಸಣ್ಣ ಆಯ್ಕೆ ಒಬ್ಬ ಹುಡುಗನ ಮೇಲೆ ಅನುಮಾನವಾಗಿ ಬಂದು ಕೂರುತ್ತದೆ. ಇಬ್ಬರ ಬದಲಾವಣೆ ಡಿಕ್ಕಿ ಹೊಡೆದಾಗ ಯಾರದ್ದನ್ನು ಉಳಿಸಬೇಕು, ಯಾರದ್ದನ್ನು ಎಸೆಯಬೇಕು ಅಂತ ತೀರ್ಮಾನ ಮಾಡುವವರು ಕೋಡ್ ಬರೆಯುವ ನಾವು. ನಾವು ಯೋಚಿಸದೇ ಬಿಟ್ಟರೂ ಅದೂ ಒಂದು ತೀರ್ಮಾನವೇ.

ಗಡಿಯಾರವನ್ನು ನಂಬಬೇಡಿ

ಅದಿರಲಿ, ‘ಕೊನೆಗೆ’ ಅಂದರೆ ಯಾವಾಗ? ರಾಮನ ಫೋನ್‌ನ ಗಡಿಯಾರ ಐದು ನಿಮಿಷ ಮುಂದಿದೆ ಅಂತಿಟ್ಟುಕೊಳ್ಳಿ. ರಾಮ 4:00ಕ್ಕೆ ಏನೋ ಬರೆದ, ಅದಕ್ಕೆ 4:05 ಅಂತ ಮುದ್ರೆ ಬಿತ್ತು. ಗೀತಾ ಅದನ್ನು ನೋಡಿ, ತಪ್ಪಿದೆ ಅಂತ 4:03ಕ್ಕೆ ತಿದ್ದಿದಳು. ಮುದ್ರೆ ಪ್ರಕಾರ ರಾಮನದ್ದೇ ಹೊಸದು! ಗೀತಾಳ ತಿದ್ದುಪಡಿ ಎಷ್ಟು ಸಲ ಮಾಡಿದರೂ 4:05 ಆಗುವವರೆಗೆ ಸೋಲುತ್ತಲೇ ಇರುತ್ತದೆ.

1978ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಬರೆದ ಪ್ರಬಂಧವೊಂದು ಇದಕ್ಕೆ ದಾರಿ ತೋರಿಸಿತು. ಗೋಡೆ ಗಡಿಯಾರ ಬೇಡ, ಒಂದು ಎಣಿಕೆ ಸಾಕು. ಪ್ರತಿ ಫೋನ್‌ನಲ್ಲೂ ಒಂದು ಸಂಖ್ಯೆ ಇರಲಿ. ಏನಾದರೂ ಬದಲಾಯಿಸಿದಾಗ ಅದನ್ನು ಒಂದು ಹೆಚ್ಚಿಸಿ, ಮೆಸೇಜ್ ಜೊತೆ ಕಳಿಸಿ. ಬೇರೆಯವರ ಮೆಸೇಜ್ ಬಂದಾಗ ನಿಮ್ಮ ಸಂಖ್ಯೆ, ಅವರ ಸಂಖ್ಯೆ ಎರಡರಲ್ಲಿ ದೊಡ್ಡದನ್ನು ತೆಗೆದುಕೊಂಡು ಅದಕ್ಕೆ ಒಂದು ಸೇರಿಸಿ. ರಾಮನ ಬದಲಾವಣೆಗೆ 7 ಅಂತ ಇದ್ದರೆ, ಅದನ್ನು ನೋಡಿದ ಮೇಲೆ ಗೀತಾ ಮಾಡುವ ತಿದ್ದುಪಡಿಗೆ 7ಕ್ಕಿಂತ ದೊಡ್ಡ ಸಂಖ್ಯೆಯೇ ಬರುತ್ತದೆ. ನೋಡಿ ತಿದ್ದಿದ್ದು ಎಂದೂ ಹಳೆಯದಾಗುವುದಿಲ್ಲ.

ಆದರೆ ಇಬ್ಬರೂ ಒಬ್ಬರದ್ದನ್ನೊಬ್ಬರು ನೋಡದೇ ಬರೆದಿದ್ದರೆ? ಒಂದೇ ಸಂಖ್ಯೆ ಅದನ್ನು ಹೇಳಲಾರದು. ಅದಕ್ಕೆ ಪ್ರತಿ ಫೋನ್‌ಗೂ ಬೇರೆ ಬೇರೆ ಎಣಿಕೆ ಇಡುತ್ತಾರೆ: ‘ರಾಮ 7, ಗೀತಾ 4’ ಅಂತ. ಇದೇ ವೆಕ್ಟರ್ ಕ್ಲಾಕ್. ‘ರಾಮ 7, ಗೀತಾ 5’ ಅನ್ನೋದು ‘ರಾಮ 7, ಗೀತಾ 4’ಕ್ಕಿಂತ ಹೊಸದು, ಸಂಶಯವಿಲ್ಲ. ಆದರೆ ‘ರಾಮ 8, ಗೀತಾ 4’ ಮತ್ತು ‘ರಾಮ 7, ಗೀತಾ 5’ ಎದುರಾದರೆ ಒಂದರಲ್ಲಿ ರಾಮನದ್ದು ದೊಡ್ಡದು, ಇನ್ನೊಂದರಲ್ಲಿ ಗೀತಾಳದ್ದು. ಅಂದ್ರೆ ಇಬ್ಬರೂ ಪರಸ್ಪರ ಗೊತ್ತಿಲ್ಲದೆ ಏಕಕಾಲಕ್ಕೆ ಬರೆದಿದ್ದಾರೆ. ಡಿಕ್ಕಿ ಆಗಿದೆ ಅಂತ ಪತ್ತೆ ಹಚ್ಚುವ ಶಕ್ತಿ ಸಾಫ್ಟ್‌ವೇರ್‌ಗೆ ಬರುವುದು ಇಲ್ಲಿಂದ.

ಉತ್ತರ ಅಲ್ಲ, ಕೆಲಸ ಬರೆದಿಡಿ

ಚಂದಾ ಲೆಕ್ಕಕ್ಕೆ ವಾಪಸ್ ಬರೋಣ. ಎಡವಟ್ಟು ಎಲ್ಲಿ ಆಯಿತು? ರಾಮನ ಫೋನ್ ‘ಮೊತ್ತ 12,500’ ಅಂತ ಉತ್ತರವನ್ನು ಕಳಿಸಿತು. ಅದರ ಬದಲು ‘₹500 ಸೇರಿಸು’ ಅಂತ ಕೆಲಸವನ್ನು ಕಳಿಸಿದ್ದರೆ? ಗೀತಾಳ ‘₹300 ಸೇರಿಸು’ ಮೊದಲು ಬರಲಿ, ಆಮೇಲೆ ಬರಲಿ, ಕೂಡಿದರೆ 12,800 ಆಗುತ್ತದೆ. ಕೂಡುವುದಕ್ಕೆ ಕ್ರಮದ ಹಂಗಿಲ್ಲ.

ಇನ್ನೂ ಒಂದು ಅಡ್ಡಿ ಇದೆ. ರಾಮನ ಫೋನ್ ‘500 ಸೇರಿಸು’ ಅಂತ ಕಳಿಸಿತು, ಸರ್ವರ್‌ಗೆ ತಲುಪಿತು, ಆದರೆ ‘ತಲುಪಿದೆ’ ಅನ್ನೋ ಉತ್ತರ ಬರುವಾಗ ಸಿಗ್ನಲ್ ಹೋಯಿತು. ಫೋನ್ ಪಾಪ ಮತ್ತೆ ಕಳಿಸುತ್ತದೆ. ಈಗ ಐನೂರು ಎರಡು ಸಲ ಸೇರಿ 13,300 ಆಗುತ್ತದೆ. ಅದಕ್ಕೇ ಪ್ರತಿ ಕೆಲಸಕ್ಕೂ ಬೇರೆ ಯಾವುದಕ್ಕೂ ಇಲ್ಲದ ಒಂದು ಗುರುತಿನ ಸಂಖ್ಯೆ ಕೊಡಬೇಕು. ಅದೇ ಸಂಖ್ಯೆ ಮತ್ತೆ ಬಂದರೆ ‘ಇದು ಆಗಲೇ ಆಗಿದೆ’ ಅಂತ ಬಿಟ್ಟುಬಿಡಬಹುದು.

ಯಾವ ಕ್ರಮದಲ್ಲಿ ಬಂದರೂ, ಎಷ್ಟು ಸಲ ಬಂದರೂ ಎಲ್ಲ ಫೋನ್‌ಗಳಲ್ಲೂ ಕೊನೆಗೆ ಒಂದೇ ಫಲಿತಾಂಶ ಬರಬೇಕು. ಈ ಗುಣ ಇರುವ ಡೇಟಾ ಸ್ಟ್ರಕ್ಚರ್‌ಗಳಿಗೆ ‘ಸಿಆರ್‌ಡಿಟಿ’ ಅಂತ ಹೆಸರು. ಮಾರ್ಕ್ ಶಪಿರೊ, ನುನೊ ಪ್ರೆಗಿಸಾ, ಕಾರ್ಲೊಸ್ ಬಕೆರೊ, ಮಾರೆಕ್ ಜಾವಿರ್ಸ್ಕಿ ಅನ್ನುವ ಸಂಶೋಧಕರು 2011ರಲ್ಲಿ ಇದಕ್ಕೆ ಗಟ್ಟಿಯಾದ ಗಣಿತದ ತಳಹದಿ ಹಾಕಿದರು. ಎಂ1, ಎಂ2 ಕ್ಲಾಸ್‌ನಲ್ಲಿ ಕಮ್ಯುಟೇಟಿವ್, ಅಸೋಸಿಯೇಟಿವ್ ಅಂತ ಓದಿ ‘ಇದು ಯಾವತ್ತು ಉಪಯೋಗಕ್ಕೆ ಬರತ್ತೆ’ ಅಂತ ಕೇಳಿದ್ದೆವಲ್ಲ? ಇಲ್ಲಿ ಬರುತ್ತದೆ.

ಅಳಿಸೋದು ಸುಲಭ ಅಲ್ಲ

ಸೇರಿಸುವುದು ಆಯಿತು. ತೆಗೆಯುವುದು? ಟ್ರಿಪ್ ಲಿಸ್ಟ್‌ನಿಂದ ಗೀತಾ ಒಂದು ಹೆಸರು ತೆಗೆದಳು. ರಾಮನ ಫೋನ್‌ನಲ್ಲಿ ಆ ಹೆಸರು ಇನ್ನೂ ಇದೆ. ಎರಡನ್ನೂ ಒಗ್ಗೂಡಿಸುವಾಗ ಸಾಫ್ಟ್‌ವೇರ್ ಏನು ತಿಳಿಯಬೇಕು? ರಾಮ ಹೊಸದಾಗಿ ಸೇರಿಸಿದ್ದಾನೆ ಅಂತಲಾ, ಗೀತಾ ತೆಗೆದಿದ್ದಾಳೆ ಅಂತಲಾ? ಬರೀ ಲಿಸ್ಟ್ ನೋಡಿದರೆ ಗೊತ್ತಾಗುವುದಿಲ್ಲ. ಅಮೆಜಾನ್ ಕಂಪನಿ 2007ರಲ್ಲಿ ಪ್ರಕಟಿಸಿದ ‘ಡೈನಮೊ’ ಪ್ರಬಂಧದಲ್ಲಿ ಇದೇ ವಿಷಯ ಬರುತ್ತದೆ. ಅವರ ಶಾಪಿಂಗ್ ಕಾರ್ಟ್‌ನಲ್ಲಿ ಸೇರಿಸಿದ ವಸ್ತು ಎಂದೂ ಕಳೆಯಬಾರದು ಅಂತ ತೀರ್ಮಾನಿಸಿದ್ದರು. ಅದರ ಬೆಲೆಯಾಗಿ, ತೆಗೆದುಹಾಕಿದ ವಸ್ತು ಕೆಲವೊಮ್ಮೆ ಮತ್ತೆ ಕಾಣಿಸಿಕೊಳ್ಳಬಹುದಿತ್ತು.

ಪರಿಹಾರ ಏನೆಂದರೆ, ಅಳಿಸಿದ್ದನ್ನು ಪೂರ್ತಿ ಅಳಿಸದೆ ‘ಇಲ್ಲೊಂದು ಇತ್ತು, ತೆಗೆಯಲಾಗಿದೆ’ ಅಂತ ಗುರುತು ಉಳಿಸುವುದು. ಇದಕ್ಕೆ ಟೂಂಬ್‌ಸ್ಟೋನ್ ಅಂತಾರೆ. ಊರ ಮುಂದಿನ ವೀರಗಲ್ಲಿನ ಹಾಗೆ, ಆಳು ಹೋದರೂ ಕಲ್ಲು ಇರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಎಲ್ಲರಿಗೂ ಡಿಲೀಟ್ ಮಾಡಿದ ಮೇಲೆ ‘ಈ ಮೆಸೇಜ್ ಅಳಿಸಲಾಗಿದೆ’ ಅಂತ ಉಳಿಯುತ್ತದಲ್ಲ, ನೋಡೋದಕ್ಕೆ ಅದೂ ಅಂಥದ್ದೇ ಒಂದು ಕಲ್ಲು. ಕಲ್ಲುಗಳು ಜಾಸ್ತಿಯಾದಷ್ಟೂ ಮೆಮೊರಿ ತಿನ್ನುತ್ತವೆ ಅನ್ನೋದು ಇದರ ಕಷ್ಟ.

ಒಂದೇ ವಾಕ್ಯ, ಎರಡು ಕೈ

ಎಲ್ಲಕ್ಕಿಂತ ಗೋಜಲಿನ ವಿಷಯ ಬರವಣಿಗೆ. ನೋಟಿಸ್‌ನಲ್ಲಿ ಹೀಗಿದೆ: ‘ನಾಳೆ ಬೆಳಿಗ್ಗೆ ಮೀಟಿಂಗ್ ಇದೆ’. ರಾಮ ಸಮಯ ಸೇರಿಸಲು ಎರಡನೇ ಪದದ ನಂತರ ‘ಎಂಟಕ್ಕೆ’ ಅಂತ ಹಾಕಿದ. ಅದೇ ಹೊತ್ತಿಗೆ ಗೀತಾ, ಕನ್ನಡ ಸಂಘದವಳಲ್ಲವೇ, ಮೂರನೇ ಪದವನ್ನು ‘ಸಭೆ’ ಅಂತ ಬದಲಿಸಿದಳು. ರಾಮನ ಕೆಲಸ ಗೀತಾಳ ಫೋನ್‌ಗೆ ಹೋದಾಗ ‘ನಾಳೆ ಬೆಳಿಗ್ಗೆ ಎಂಟಕ್ಕೆ ಸಭೆ ಇದೆ’ ಅಂತ ಸರಿಯಾಗಿಯೇ ಬರುತ್ತದೆ. ಆದರೆ ರಾಮನ ಫೋನ್‌ನಲ್ಲಿ ಈಗ ಮೂರನೇ ಪದ ‘ಎಂಟಕ್ಕೆ’. ‘ಮೂರನೇ ಪದವನ್ನು ಸಭೆ ಮಾಡು’ ಅನ್ನೋ ಆಜ್ಞೆ ಬಂದಾಗ ಅಲ್ಲಿ ‘ನಾಳೆ ಬೆಳಿಗ್ಗೆ ಸಭೆ ಮೀಟಿಂಗ್ ಇದೆ’ ಅಂತಾಗುತ್ತದೆ. ಸಮಯವೇ ಮಾಯ. ಒಂದೇ ನೋಟಿಸ್, ಎರಡು ಫೋನ್‌ನಲ್ಲಿ ಎರಡು ರೂಪ.

ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು 1989ರಲ್ಲಿ ಎಲ್ಲಿಸ್ ಮತ್ತು ಗಿಬ್ಸ್ ತಮ್ಮ ‘ಗ್ರೋವ್’ ಎಡಿಟರ್‌ಗಾಗಿ ರೂಪಿಸಿದ ಆಪರೇಷನಲ್ ಟ್ರಾನ್ಸ್‌ಫಾರ್ಮೇಷನ್. ಬಂದ ಆಜ್ಞೆಯನ್ನು ಹಾಗೇ ನಡೆಸದೆ, ನಡುವೆ ಏನೇನಾಗಿದೆ ನೋಡಿ ತಿದ್ದಿ ನಡೆಸುವುದು. ‘ನಾನು ಮುಂಚೆ ಒಂದು ಪದ ಸೇರಿಸಿದ್ದೇನೆ, ಹಾಗಾಗಿ ಇವಳ ಮೂರು ನನ್ನ ನಾಲ್ಕು’ ಅಂತ. ಗೂಗಲ್ ಡಾಕ್ಸ್ ಹಿಡಿದದ್ದು ಈ ದಾರಿಯನ್ನೇ. ಅಲ್ಲಿ ಸರ್ವರ್ ಒಂದು ಕುಳಿತು ಎಲ್ಲರ ಬದಲಾವಣೆಗೂ ಕ್ರಮ ನಿಗದಿ ಮಾಡುವುದರಿಂದ ಲೆಕ್ಕ ಹಗುರವಾಗುತ್ತದೆ.

ಎರಡನೆಯದು ಸಿಆರ್‌ಡಿಟಿ ದಾರಿ. ಸ್ಥಾನದ ಸಂಖ್ಯೆಯನ್ನೇ ಬಿಟ್ಟುಬಿಡಿ, ಪ್ರತಿ ಪದಕ್ಕೂ ಯುಎಸ್‌ಎನ್ ಥರ ಶಾಶ್ವತ ಗುರುತು ಕೊಡಿ. ನಾಳೆ ರಾ1, ಬೆಳಿಗ್ಗೆ ರಾ2, ಮೀಟಿಂಗ್ ರಾ3, ಇದೆ ರಾ4. ರಾಮನ ಕೆಲಸ: ರಾ2ರ ನಂತರ ‘ಎಂಟಕ್ಕೆ’ ಸೇರಿಸು, ಅದರ ಗುರುತು ರಾ5. ಗೀತಾಳ ಕೆಲಸ: ರಾ3 ಅಳಿಸು, ಅದರ ನಂತರ ‘ಸಭೆ’ ಸೇರಿಸು, ಗುರುತು ಗೀ1. ಈಗ ಯಾರು ಮೊದಲು ಬಂದರೂ ‘ನಾಳೆ ಬೆಳಿಗ್ಗೆ ಎಂಟಕ್ಕೆ ಸಭೆ ಇದೆ’ ಅಂತಲೇ ಬರುತ್ತದೆ. ನಡುವೆ ರಾ3ರ ವೀರಗಲ್ಲು ಕಾಣದಂತೆ ನಿಂತಿರುತ್ತದೆ. ಕ್ರಮ ಹೇಳಲು ಸರ್ವರ್ ಬೇಕಾಗಿಲ್ಲ. ಎರಡು ಫೋನ್ ಬ್ಲೂಟೂತ್‌ನಲ್ಲಿ ಮಾತಾಡಿಕೊಂಡರೂ ಸಾಕು. ಆಟೋಮರ್ಜ್, ವೈಜೆಎಸ್ ಅನ್ನುವ ಓಪನ್ ಸೋರ್ಸ್ ಲೈಬ್ರರಿಗಳಲ್ಲಿ ಇದೆಲ್ಲ ಸಿದ್ಧವಾಗಿ ಸಿಗುತ್ತದೆ, ನಾವೇ ಮೊದಲಿನಿಂದ ಬರೆಯಬೇಕಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ

ಮೇಲಿನ ಉದಾಹರಣೆಯಲ್ಲಿ ಪದಗಳನ್ನು ತೆಗೆದುಕೊಂಡೆ. ನಿಜವಾದ ಎಡಿಟರ್‌ಗಳು ಇನ್ನೂ ಸಣ್ಣ ತುಣುಕುಗಳಲ್ಲಿ ಕೆಲಸ ಮಾಡುತ್ತವೆ. ಇಂಗ್ಲಿಷ್‌ನಲ್ಲಿ ಒಂದು ತುಣುಕು ಅಂದರೆ ಒಂದು ಅಕ್ಷರ. ಕನ್ನಡದಲ್ಲಿ ಹಾಗಲ್ಲ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದು ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು: ಸ, ವಿರಾಮ ಚಿಹ್ನೆ, ತ, ಮತ್ತೆ ವಿರಾಮ ಚಿಹ್ನೆ, ರ, ಕೊನೆಗೆ ದೀರ್ಘ ಈ ಕಾರದ ಚಿಹ್ನೆ.

ಈಗ ‘ಕಡು’ ಅಂತ ತಪ್ಪಾಗಿ ಟೈಪ್ ಆದ ಪದವನ್ನು ‘ಕಾಡು’ ಮಾಡಬೇಕು ಅಂತ ಇಬ್ಬರೂ ಒಂದೇ ಹೊತ್ತಿಗೆ ತಿದ್ದುತ್ತಾರೆ. ಇಬ್ಬರೂ ‘ಕ’ ನಂತರ ಒಂದೊಂದು ದೀರ್ಘ ಸೇರಿಸುತ್ತಾರೆ. ಸಿಆರ್‌ಡಿಟಿ ನಿಷ್ಠೆಯಿಂದ ಎರಡನ್ನೂ ಉಳಿಸುತ್ತದೆ. ಫಲಿತಾಂಶ, ಎರಡು ದೀರ್ಘ ಇರುವ ‘ಕ’. ಪರದೆಯ ಮೇಲೆ ಎರಡನೇ ದೀರ್ಘ ಕೂರಲು ಜಾಗವಿಲ್ಲದೆ ಚುಕ್ಕಿ ವೃತ್ತದ ಪಕ್ಕ ನೇತಾಡುತ್ತದೆ. ಒಬ್ಬರು ‘ಕಾಡು’, ಇನ್ನೊಬ್ಬರು ‘ಕೂಡು’ ಅಂತ ತಿದ್ದಿದರೆ ಇನ್ನೂ ವಿಚಿತ್ರ, ಎರಡು ಬೇರೆ ಸ್ವರ ಚಿಹ್ನೆ ಒಂದೇ ವ್ಯಂಜನಕ್ಕೆ ಜೋತುಬೀಳುತ್ತವೆ. ಇಂಗ್ಲಿಷ್‌ನಲ್ಲಿ ಹೀಗಾದರೆ ಸ್ಪೆಲಿಂಗ್ ತಪ್ಪಿದ ಪದ ಬರುತ್ತದೆ. ಕನ್ನಡದಲ್ಲಿ ಅಕ್ಷರವೇ ಅಲ್ಲದ್ದು ಬರುತ್ತದೆ.

ಲೈಬ್ರರಿಯಲ್ಲಿ ದೋಷ ಇಲ್ಲ, ಅದು ತನ್ನ ಗಣಿತವನ್ನು ಸರಿಯಾಗಿಯೇ ಮಾಡಿದೆ. ಎಲ್ಲ ಫೋನ್‌ನಲ್ಲೂ ಒಂದೇ ತಪ್ಪು ಅಕ್ಷರ ಇದೆ! ಕನ್ನಡ ಬರೆಯುವವರಿಗಾಗಿ ಆ್ಯಪ್ ಮಾಡುವಾಗ, ತುಣುಕು ಅಂದರೆ ಕೋಡ್ ಪಾಯಿಂಟ್ ಅಲ್ಲ, ಪೂರ್ತಿ ಅಕ್ಷರ ಅಂತ ಇಟ್ಟುಕೊಳ್ಳುವುದು ಒಂದು ದಾರಿ. ‘ಕ’ ತೆಗೆದು ‘ಕಾ’ ಹಾಕು ಅಂತ ಕೆಲಸವನ್ನು ದಾಖಲಿಸಿದರೆ ಕೆಟ್ಟ ಪರಿಸ್ಥಿತಿಯಲ್ಲಿ ‘ಕಾಕಾಡು’ ಬರಬಹುದು. ಅದೂ ತಪ್ಪೇ, ಆದರೆ ಓದಬಹುದು, ನೋಡಿದ ತಕ್ಷಣ ತಿದ್ದಬಹುದು. ಈ ಥರದ ತೊಂದರೆ ಕನ್ನಡದಲ್ಲಿ ಟೈಪ್ ಮಾಡಿ ಟೆಸ್ಟ್ ಮಾಡಿದವರ ಕಣ್ಣಿಗೆ ಮಾತ್ರ ಬೀಳುತ್ತದೆ. ಹಾಗಾಗಿ ಇದು ನಮ್ಮಂಥವರೇ ಮಾಡಬೇಕಾದ ಕೆಲಸ.

ಬಸ್‌ನಲ್ಲಿ ಇರೋದು 40 ಸೀಟು

ಇಷ್ಟೆಲ್ಲ ಆದ ಮೇಲೂ ಗಣಿತ ಕೈ ಕೊಡುವ ಜಾಗ ಒಂದಿದೆ. ಬಸ್‌ಗೆ 40 ಸೀಟು, 39 ತುಂಬಿದೆ. ಆಫ್‌ಲೈನ್‌ನಲ್ಲಿ ರಾಮ ಒಬ್ಬರನ್ನು ಸೇರಿಸಿದ, ಗೀತಾ ಇನ್ನೊಬ್ಬರನ್ನು. ಇಬ್ಬರ ಫೋನ್‌ನಲ್ಲೂ 40, ಸರಿಯಾಗಿದೆ. ಒಗ್ಗೂಡಿಸಿದರೆ 41. ಯಾರ ಹೆಸರೂ ಕಳೆಯಲಿಲ್ಲ, ಆದರೆ ಒಬ್ಬರಿಗೆ ಸೀಟಿಲ್ಲ. ‘ಇದಕ್ಕಿಂತ ಹೆಚ್ಚು ಆಗಬಾರದು’ ಅನ್ನುವ ನಿಯಮವನ್ನು, ಪರಸ್ಪರ ಮಾತಾಡದ ಫೋನ್‌ಗಳು ತಾವಾಗಿ ಕಾಪಾಡಲಾರವು.

ಒಂದು ಉಪಾಯ, ಮೊದಲೇ ಹಂಚಿಬಿಡುವುದು. ಫೆಸ್ಟ್‌ಗೆ 200 ಪಾಸ್ ಇದ್ದರೆ ನಾಲ್ಕು ಹಾಸ್ಟೆಲ್‌ಗೆ ಐವತ್ತೈವತ್ತು. ಪ್ರತಿಯೊಬ್ಬರೂ ತಮ್ಮ ಐವತ್ತರೊಳಗೆ ಯಾರನ್ನೂ ಕೇಳದೆ ಕೊಡಬಹುದು. ಒಂದು ಕಡೆ ಮುಗಿದು ಇನ್ನೊಂದು ಕಡೆ ಉಳಿದರೆ ಮಾತ್ರ ನೆಟ್‌ವರ್ಕ್ ಬೇಕು.

ಇನ್ನೊಂದು ಉಪಾಯವನ್ನು ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದವರು ತೋರಿಸಿದರು. ಆಗಾಗ ಮಾತ್ರ ಸಂಪರ್ಕಕ್ಕೆ ಬರುವ ಕಂಪ್ಯೂಟರ್‌ಗಳಿಗೆಂದೇ ಅವರು ಕಟ್ಟಿದ ‘ಬಾಯೂ’ ವ್ಯವಸ್ಥೆಯ ಬಗ್ಗೆ 1995ರಲ್ಲಿ ಬರೆದರು. ಅವರ ಉದಾಹರಣೆ ಮೀಟಿಂಗ್ ರೂಮ್ ಕಾದಿರಿಸುವುದು. ಅಲ್ಲಿ ನಾವು ಬರೀ ‘ಹತ್ತು ಗಂಟೆಗೆ ರೂಮ್ ಬೇಕು’ ಅಂತ ಬರೆದರೆ ಸಾಲದು. ‘ಹತ್ತಕ್ಕೆ ಖಾಲಿ ಇದೆಯಾ ನೋಡು, ಇಲ್ಲದಿದ್ದರೆ ಹನ್ನೊಂದಕ್ಕೆ ನೋಡು’ ಅಂತ ಪರ್ಯಾಯವನ್ನೂ ಜೊತೆಗೇ ಕಳಿಸಬೇಕು. ಡಿಕ್ಕಿಯಾದಾಗ ಏನು ಮಾಡಬೇಕು ಅಂತ ಆ ಕೆಲಸಕ್ಕೇ ಗೊತ್ತಿರುತ್ತದೆ. ಮತ್ತೆ, ಪ್ರತಿ ಬರಹವೂ ಮೊದಲು ತಾತ್ಕಾಲಿಕ. ಒಂದು ಮುಖ್ಯ ಸರ್ವರ್ ಅದರ ಕ್ರಮವನ್ನು ಖಾಯಂ ಮಾಡಿದ ಮೇಲಷ್ಟೇ ಪಕ್ಕಾ. ರೈಲಿನ ವೇಟಿಂಗ್ ಲಿಸ್ಟ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪರದೆಯ ಮೇಲೆ ಏನು ಹೇಳಬೇಕು

ನನಗೆ ಬಾಯೂದಲ್ಲಿ ಹಿಡಿಸಿದ್ದು ಇದೇ: ತಾತ್ಕಾಲಿಕ ಯಾವುದು, ಖಾಯಂ ಯಾವುದು ಅಂತ ಬಳಸುವವರಿಗೂ ಗೊತ್ತಾಗಬೇಕು ಅನ್ನೋ ನಿಲುವು. ವಾಟ್ಸ್ಆ್ಯಪ್‌ನ ಗಡಿಯಾರದ ಚಿಹ್ನೆ, ಒಂದು ಟಿಕ್, ಎರಡು ಟಿಕ್ ಮಾಡುವುದು ಇದನ್ನೇ. ನಮ್ಮ ಅಜ್ಜಿಯಂದಿರಿಗೂ ಅದರ ಅರ್ಥ ಗೊತ್ತು. ಟ್ರಿಪ್ ಲಿಸ್ಟ್‌ನಲ್ಲೂ ‘ನಿಮ್ಮ ಫೋನ್‌ನಲ್ಲಿ ಮಾತ್ರ ಇದೆ’, ‘ಎಲ್ಲರಿಗೂ ತಲುಪಿದೆ’, ‘ಸೀಟು ಖಚಿತ’ ಅಂತ ಮೂರು ಗುರುತು ಇದ್ದರೆ ಹದಿನಾಲ್ಕನೆಯವರು ಬಸ್ ಹತ್ತಿರ ಬಂದು ನಿಂತುಕೊಳ್ಳುವ ಪ್ರಮೇಯವೇ ಬರುವುದಿಲ್ಲ.

ಡಿಕ್ಕಿಯಾದದ್ದನ್ನು ತೋರಿಸುವುದೂ ಒಂದು ಕಲೆ. ವಿಕಿಪೀಡಿಯದಲ್ಲಿ ಇಬ್ಬರು ಒಂದೇ ಸಾಲನ್ನು ತಿದ್ದಿದರೆ ಎರಡನೆಯವರಿಗೆ ಎಡಿಟ್ ಕಾನ್ಫ್ಲಿಕ್ಟ್ ಪುಟ ಬರುತ್ತದೆ. ಗಿಟ್‌ನಲ್ಲಿ ಬಾಣದ ಗುರುತುಗಳ ನಡುವೆ ಎರಡೂ ಕೋಡ್ ಬಂದು ಕೂರುತ್ತವೆ. ಐದಾರು ಇಂಚಿನ ಪರದೆಯಲ್ಲಿ, ಬಸ್ಸಿನಲ್ಲಿ ನಿಂತು ಒಂದು ಕೈಯಲ್ಲಿ ಫೋನ್ ಹಿಡಿದವರಿಗೆ ಇದು ಆಗದ ಮಾತು. ಅವರಿಗೆ ‘ರಾಮ: ಎಂಟಕ್ಕೆ’, ‘ಗೀತಾ: ಒಂಬತ್ತಕ್ಕೆ’ ಅಂತ ಎರಡು ಬಟನ್ ತೋರಿಸಿ, ಒಂದನ್ನು ಒತ್ತಲು ಹೇಳಿದರೆ ಸಾಕು. ಸುಮ್ಮನೆ ಒಗ್ಗೂಡಿಸಿದರೆ ‘ಎಂಟಕ್ಕೆ ಒಂಬತ್ತಕ್ಕೆ ಸಭೆ’ ಅಂತ ಆಗುತ್ತಿತ್ತು. ಎಲ್ಲ ಫೋನ್‌ನಲ್ಲೂ ಒಂದೇ ಉತ್ತರ ಇದೆ ಅಂದ ಮಾತ್ರಕ್ಕೆ ಅದು ಸರಿ ಉತ್ತರ ಅಂತ ಅಲ್ಲ. ಸಮಯದಂಥ ವಿಷಯವನ್ನು ಮನುಷ್ಯರೇ ಮಾತಾಡಿ ತೀರ್ಮಾನಿಸಬೇಕು. ಸಾಫ್ಟ್‌ವೇರ್‌ನ ಕೆಲಸ ಇಬ್ಬರ ಮಾತನ್ನೂ ಜೋಪಾನವಾಗಿ ಮುಂದಿಡುವುದು.

ಟೈಪ್ ಮಾಡೋರು ಯಾರು, ಲಾಭ ಯಾರಿಗೆ?

ಕೊನೆಯದಾಗಿ ಕೋಡ್‌ಗೆ ಸಂಬಂಧವೇ ಇಲ್ಲದ ಒಂದು ಮಾತು. ಗುಂಪಿನಲ್ಲಿ ಬಳಸುವ ಸಾಫ್ಟ್‌ವೇರ್‌ಗಳು ಯಾಕೆ ಸೋಲುತ್ತವೆ ಅಂತ 1988ರಲ್ಲಿ ಜೊನಾಥನ್ ಗ್ರುಡಿನ್ ಒಂದು ಪ್ರಬಂಧ ಬರೆದರು. ಅವರು ಕೊಟ್ಟ ಮುಖ್ಯ ಕಾರಣಗಳಲ್ಲಿ ಒಂದು: ಕೆಲಸ ಮಾಡುವವರು ಒಬ್ಬರು, ಲಾಭ ಪಡೆಯುವವರು ಇನ್ನೊಬ್ಬರು. ಆಫೀಸಿನ ಕ್ಯಾಲೆಂಡರ್ ಆ್ಯಪ್‌ನಲ್ಲಿ ಎಲ್ಲರೂ ತಮ್ಮ ಸಮಯ ತುಂಬಿಸಬೇಕು, ಅನುಕೂಲ ಆಗೋದು ಮೀಟಿಂಗ್ ಕರೆಯುವ ಮ್ಯಾನೇಜರ್‌ಗೆ. ಹಾಗಾದರೆ ಉಳಿದವರು ಯಾಕೆ ತುಂಬಿಸುತ್ತಾರೆ?

ನಾವು ಮಾಡುವ ಆ್ಯಪ್‌ಗಳಿಗೂ ಇದು ಹೊಂದುತ್ತದೆ. ಕ್ಲಾಸ್ ರೆಪ್‌ಗೆ ಅಂದವಾದ ಟೇಬಲ್ ಸಿಗಲಿ ಅಂತ ಅರವತ್ತು ಜನ ಲಾಗಿನ್ ಆಗಿ, ಒಟಿಪಿ ಹಾಕಿ, ಹತ್ತು ಕಾಲಂ ತುಂಬಬೇಕು ಅಂದರೆ ಯಾರೂ ತುಂಬುವುದಿಲ್ಲ. ವಾಪಸ್ ಗ್ರೂಪ್‌ನ ಕಾಪಿ ಪೇಸ್ಟ್ ಲಿಸ್ಟ್‌ಗೇ ಬರುತ್ತಾರೆ. ಅದು ಹೆಸರು ಕಳೆದರೂ, ಎರಡು ಸೆಕೆಂಡ್‌ನಲ್ಲಿ ಮುಗಿಯುತ್ತದಲ್ಲ! ನಮ್ಮ ಆ್ಯಪ್ ಆ ಎರಡು ಸೆಕೆಂಡ್‌ಗೆ ಪೈಪೋಟಿ ಕೊಡಬೇಕು.

ಮುಂದಿನ ಪ್ರಾಜೆಕ್ಟ್‌ಗೆ ಒಂದು ಪರೀಕ್ಷೆ

ಆ್ಯಪ್ ಮಾಡುತ್ತಿದ್ದರೆ ಶುರುವಿನಲ್ಲೇ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಬಟನ್ ಒತ್ತಿದ ತಕ್ಷಣ ಡೇಟಾ ಫೋನ್‌ನ ಎಸ್‌ಕ್ಯೂಲೈಟ್‌ನಲ್ಲಿ ಸೇವ್ ಆಗುತ್ತದಾ, ಅಥವಾ ನೆಟ್‌ವರ್ಕ್‌ಗೆ ಕಾಯುತ್ತದಾ? ಕಳಿಸುತ್ತಿರುವುದು ಉತ್ತರವಾ, ಕೆಲಸವಾ? ಒಂದೇ ಕೆಲಸ ಎರಡು ಸಲ ತಲುಪಿದರೆ ಏನಾಗುತ್ತದೆ? ಮೀರಬಾರದ ಮಿತಿ ಯಾವುದಾದರೂ ಇದೆಯಾ, ಇದ್ದರೆ ಅದನ್ನು ಕಾಯುವವರು ಯಾರು?

ಆಮೇಲೆ ಒಂದು ಸುಲಭ ಪರೀಕ್ಷೆ, ಇದಕ್ಕೆ ಎರಡು ಫೋನ್ ಮತ್ತು ಒಬ್ಬ ಫ್ರೆಂಡ್ ಸಾಕು. ಎರಡನ್ನೂ ಏರ್‌ಪ್ಲೇನ್ ಮೋಡ್‌ಗೆ ಹಾಕಿ. ಇಬ್ಬರೂ ಒಂದೇ ಸಾಲನ್ನು ಬೇರೆ ಬೇರೆ ರೀತಿ ಬದಲಿಸಿ, ಒಬ್ಬರು ಒಂದು ಹೆಸರು ಅಳಿಸಿ, ಇನ್ನೊಬ್ಬರು ಅದೇ ಹೆಸರಿನ ಮುಂದೆ ಏನಾದರೂ ಬರೆಯಿರಿ. ಒಂದು ಪದವನ್ನಾದರೂ ಕನ್ನಡದಲ್ಲಿ, ಒತ್ತಕ್ಷರ ಇರುವ ಹಾಗೆ ಟೈಪ್ ಮಾಡಿ. ಒಂದು ಫೋನ್‌ನ ಗಡಿಯಾರವನ್ನು ಐದು ನಿಮಿಷ ಮುಂದೆ ತಿರುಗಿಸಿ. ಈಗ ಏರ್‌ಪ್ಲೇನ್ ಮೋಡ್ ತೆಗೆದು ನೋಡಿ. ಎರಡೂ ಪರದೆ ಒಂದೇ ಥರ ಇದೆಯಾ ಅನ್ನೋದು ಮೊದಲು ನೋಡಬೇಕಾದ್ದು. ಯಾರಾದರೂ ಬರೆದದ್ದು ಅವರಿಗೆ ಗೊತ್ತಾಗದೇ ಕಾಣೆಯಾಯಿತಾ ಅನ್ನೋದು ಎರಡನೆಯದು. ಎರಡನೆಯದಕ್ಕೆ ‘ಹೌದು’ ಅಂತ ಉತ್ತರ ಬಂದರೆ ಡೆಮೊ ದಿನಕ್ಕೆ ಮುಂಚೆ ಇನ್ನೊಂದು ರಾತ್ರಿ ಕೂತು ಸರಿ ಮಾಡಿ.